ಹಂಪಿಯ ಊರಿನವರಿಗೆ ಪ್ರವಾಸಿಗರ ಬಗ್ಗೆ ಏನನ್ನಿಸುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಹುಟ್ಟಿ ಬೆಳೆದಿದ್ದು ಕಮಲಾಪುರದಲ್ಲಿ. ಹಂಪಿಯಿಂದ ನಾಲ್ಕು ಕಿಲೋಮೀಟರ್. ನಮ್ಮ ಅತ್ತೆ ಹಂಪಿ ಬಜಾರಿನಲ್ಲಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಜ್ಜಿ ಮಾರುತ್ತಿದ್ದರು. ಶಾಲೆಗೆ ರಜೆ ಬಂತೆಂದರೆ ನಾನು ಅಲ್ಲೇ ಇರುತ್ತಿದ್ದೆ. ಈಗ ಹೊಸಪೇಟೆಯಲ್ಲಿ ಕೆಲಸ. ಹಂಪಿ ಕಡೆಯವನು ಎಂದು ಗೊತ್ತಾದ ಕೂಡಲೇ ಮದುವೆ ಮನೆಯಲ್ಲಿ, ರೈಲಿನಲ್ಲಿ, ಫೋನಿನಲ್ಲಿ ಜನ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಅವರು ಕೇಳಿದ ಮಾತಿನಲ್ಲೇ ಬರೆದಿದ್ದೇನೆ. ಉತ್ತರ ನನ್ನದು. ಊರಿನವರ ಹತ್ತಿರ ಕೂತು ಕೇಳಿಸಿಕೊಂಡಿದ್ದೂ ಅದರಲ್ಲಿ ಸೇರಿದೆ.

## ಮೊದಲು ಕೇಳುವ ಪ್ರಶ್ನೆಗಳು

ಹಂಪಿಯೊಳಗೆ ಈಗಲೂ ಜನ ಇದ್ದಾರಾ? ನಾವು ಬರೀ ಹಾಳೂರು ಅಂದ್ಕೊಂಡಿದ್ವಿ.

ಇದ್ದಾರೆ. ವಿರೂಪಾಕ್ಷ ಗುಡಿಯ ಪಕ್ಕದ ಜನತಾ ಪ್ಲಾಟಿನಲ್ಲಿ ಮನೆಗಳಿವೆ. ಕಡ್ಡಿರಾಂಪುರ, ಕಮಲಾಪುರ, ಬುಕ್ಕಸಾಗರ, ಹೊಳೆಯಾಚೆ ಆನೆಗೊಂದಿ, ಹನುಮನಹಳ್ಳಿ, ಸಾಣಾಪುರ ಎಲ್ಲವೂ ಜನ ಬಾಳುವ ಊರುಗಳು. ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ವ್ಯಾಪ್ತಿಯಲ್ಲಿ 29 ಹಳ್ಳಿಗಳಿವೆ. ವಿಜಯನಗರದ ಕಾಲದ ತುರ್ತು ಕಾಲುವೆ ಇವತ್ತಿಗೂ ಬಾಳೆ, ಕಬ್ಬಿಗೆ ನೀರುಣಿಸುತ್ತಿದೆ. ಕೃಷ್ಣ ಗುಡಿಯಿಂದ ಉಗ್ರ ನರಸಿಂಹನ ಕಡೆಗೆ ನಡೆಯುವಾಗ ಕಣ್ಣಿಗೆ ಬೀಳುವ ಬಾಳೆ ತೋಟ ಯಾರೋ ಒಬ್ಬ ರೈತನದು. ಬಾಳೆ ಗೊನೆ ಹೊತ್ತ ಆತನಿಗೆ ಅರ್ಧ ದಾರಿ ಬಿಡಿ ಸಾಕು.

'ಹಾಳು ಹಂಪಿ' ಎಂಬ ಮಾತು ಪುಸ್ತಕದಲ್ಲೂ ಇದೆ, ಜನರ ಬಾಯಲ್ಲೂ ಇದೆ. ಊರಿನವರಿಗೆ ಅದು ಚುಚ್ಚುತ್ತದೆ. ಅರಮನೆ ಹಾಳಾಗಿದ್ದು ನಿಜ. ವಿರೂಪಾಕ್ಷನ ಪೂಜೆ ನಿಂತಿಲ್ಲ, ತೇರು ನಿಂತಿಲ್ಲ, ಕಾಲುವೆಯ ನೀರೂ ನಿಂತಿಲ್ಲ.

ಪ್ರವಾಸಿಗರು ಬಂದ್ರೆ ಊರಿನವರಿಗೆ ಖುಷಿನಾ, ಕಿರಿಕಿರಿನಾ? ಒಂದೇ ಮಾತಲ್ಲಿ ಹೇಳಿ.

ಖುಷಿ. 2020ರ ಮಾರ್ಚಿನಲ್ಲಿ ಸ್ಮಾರಕಗಳ ಬಾಗಿಲು ಮುಚ್ಚಿದಾಗ ಇದು ಎಲ್ಲರಿಗೂ ತಿಳಿಯಿತು. ಆಟೋ ಮನೆ ಮುಂದೆ ನಿಂತವು. ಗೈಡುಗಳು ಗದ್ದೆ ಕೂಲಿಗೆ ಹೋದರು. ಪ್ರವಾಸಿ ಬೇಡ ಅನ್ನುವವರನ್ನು ನಾನು ಕಂಡಿಲ್ಲ. ಬೇಸರ ಇರುವುದು ಬೇರೆ ಕಡೆ. ನಮ್ಮೂರಿನ ಬಗ್ಗೆ ಏನೇ ನಿರ್ಧಾರ ಆದರೂ ನಮ್ಮನ್ನು ಕೇಳುವವರಿಲ್ಲ ಎಂಬುದೇ ಆ ಬೇಸರ. ಮುಂದಿನ ಉತ್ತರಗಳಲ್ಲಿ ಅದು ಮತ್ತೆ ಮತ್ತೆ ಬರುತ್ತದೆ.

ಜಾತ್ರೆಗೆ ಬರೋ ಮಂದಿ, ಟೂರಿಸ್ಟು ಎರಡೂ ಒಂದೇ ತಾನೇ?

ಊರಿನವರ ಲೆಕ್ಕದಲ್ಲಿ ಬೇರೆ ಬೇರೆ. ಚೈತ್ರದ ಹುಣ್ಣಿಮೆಗೆ ವಿರೂಪಾಕ್ಷನ ತೇರು. ಸುತ್ತಲಿನ ಹಳ್ಳಿಗಳಿಂದ ಟ್ರ್ಯಾಕ್ಟರಿನಲ್ಲಿ ಮನೆಮಂದಿಯೆಲ್ಲ ಬರುತ್ತಾರೆ, ಬಂಡೆಯ ನೆರಳಿನಲ್ಲಿ ಮೂರು ಕಲ್ಲು ಹೂಡಿ ಅಡುಗೆ ಮಾಡುತ್ತಾರೆ, ಹೊಳೆಯಲ್ಲಿ ಮಿಂದು ಕಾಯಿ ಒಡೆಸುತ್ತಾರೆ. ಅವರನ್ನು ಯಾರೂ ಪ್ರವಾಸಿಗರು ಅನ್ನುವುದಿಲ್ಲ. ಅವರು 'ಜಾತ್ರಿ ಮಂದಿ'. ಡಿಸೆಂಬರ್ ಹೊತ್ತಿಗೆ ಬರುವ ಫಲಪೂಜೆಯಲ್ಲಿ ಪಂಪಾಂಬಿಕೆಗೂ ವಿರೂಪಾಕ್ಷನಿಗೂ ನಿಶ್ಚಿತಾರ್ಥ. ಊರಿನವರು ಅದನ್ನು ಮನೆಮಗಳ ಕಾರ್ಯದಂತೆ ಮಾಡುತ್ತಾರೆ.

ಈ ಬಡ ಯಾತ್ರಿಕ ಖರ್ಚು ಮಾಡುವುದು ಕಡಿಮೆ. ಆದರೆ ಆತನಿಗೆ ನೆರಳು, ನೀರು, ಅಗ್ಗದ ಊಟ ಬೇಕು. ಹಂಪಿಯ ಯೋಜನೆ ಮಾಡುವಾಗ ಎಲ್ಲರೂ ಟಿಕೆಟ್ ಕೊಳ್ಳುವವನನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡುತ್ತಾರೆ. ಬುತ್ತಿ ಕಟ್ಟಿಕೊಂಡು ಬರುವವನ ನೆನಪು ಯಾರಿಗೂ ಇರುವುದಿಲ್ಲ. ಊರಿನ ಹಿರಿಯರಿಗೆ ಇದು ದೊಡ್ಡ ಸಂಕಟ.

ಫೋಟೋ ತೆಗೆದ್ರೆ ಯಾಕೆ ಕೆಲವರು ಸಿಡಿಮಿಡಿ ಅಂತಾರೆ?

ಹೊಳೆಯ ಮೆಟ್ಟಿಲ ಮೇಲೆ ಬಟ್ಟೆ ಒಗೆಯುವುದು, ಮೀಯುವುದು ಅಲ್ಲಿನ ಹೆಂಗಸರಿಗೆ ದಿನದ ಕೆಲಸ. ದೂರದಿಂದ ಉದ್ದ ಲೆನ್ಸ್ ಹಾಕಿ ಅದನ್ನು ತೆಗೆಯುತ್ತಾರೆ. ಮೇಲೆ ಡ್ರೋನ್ ಬೇರೆ.

ಒಂದು ಸಲ ನಾನೇ ನೋಡಿದ್ದು ಹೇಳುತ್ತೇನೆ. ನಮ್ಮ ಪರಿಚಯದ ಅಕ್ಕ ಬೋರ್‌ವೆಲ್ ಹತ್ತಿರ ನೀರು ಹಿಡಿಯುತ್ತಿದ್ದರು. ಒಬ್ಬ ಫೋಟೋಗ್ರಾಫರ್ ಬಂದು, ಹಸಿರು ಪ್ಲಾಸ್ಟಿಕ್ ಕೊಡ ಬದಿಗಿಟ್ಟು ಮನೆಯಿಂದ ತಾಮ್ರದ ಕೊಡ ತರುತ್ತೀರಾ ಎಂದು ಕೇಳಿದ. ಅಕ್ಕ ತಂದರು, ಸೆರಗು ಸರಿ ಮಾಡಿಕೊಂಡು ನಿಂತರು. ಆತ ಹತ್ತಿಪ್ಪತ್ತು ಫೋಟೋ ತೆಗೆದು ಹೊರಟ. ಆಮೇಲೆ ಅಕ್ಕ ಅದೇ ಹಸಿರು ಕೊಡ ತುಂಬಿಕೊಳ್ಳುತ್ತಾ ನನಗೆ ಹೇಳಿದ್ದು: "ನಾವು ಈಗಿನ ಕಾಲದಾಗ ಇರೂದು ಅವರಿಗೆ ಸೇರೂದಿಲ್ಲ ನೋಡಪ್ಪ."

ಕೇಳಿ ತೆಗೆಯಿರಿ. ಬಹಳ ಜನ ನಕ್ಕು ಒಪ್ಪುತ್ತಾರೆ. ಬೇಡ ಎಂದರೆ ಬಿಟ್ಟುಬಿಡಿ.

## ದುಡ್ಡಿನ ಮಾತು

ನಾವು ಟಿಕೆಟ್ ತಗೊಂಡೇ ಒಳಗೆ ಹೋಗ್ತೀವಲ್ಲ, ಆ ದುಡ್ಡು ಊರಿಗೇ ಸಿಗುತ್ತೆ ಅಲ್ವಾ?

ಇಲ್ಲ. ವಿಠಲ ಗುಡಿ, ಕಮಲ ಮಹಲಿನ ಆವರಣಗಳಿಗೆ ಭಾರತೀಯ ಪುರಾತತ್ವ ಸರ್ವೇಕ್ಷಣೆ ತೆಗೆದುಕೊಳ್ಳುವ ಶುಲ್ಕ ಕೇಂದ್ರದ ಬೊಕ್ಕಸಕ್ಕೆ ಹೋಗುತ್ತದೆ. ಅದರಲ್ಲಿ ಇಷ್ಟು ಪಾಲು ಹಂಪಿ ಗ್ರಾಮ ಪಂಚಾಯಿತಿಗೆ ಎಂಬ ಏರ್ಪಾಡು ಇಲ್ಲ. ಆದರೆ ನಿಮ್ಮ ಖಾಲಿ ಬಾಟಲಿ, ಊಟದ ತಟ್ಟೆ, ವಾಹನದ ಹೊಗೆ ಊರಲ್ಲೇ ಉಳಿಯುತ್ತದೆ.

ಊರಿಗೆ ನೇರವಾಗಿ ಸಿಗುವ ದುಡ್ಡು ಎಳನೀರಿನದು, ಆಟೋದ್ದು, ಗೈಡಿನದು, ಕೋಣೆ ಬಾಡಿಗೆ, ಹರಿಗೋಲಿನದು. ಗೆಜ್ಜಲ ಮಂಟಪದಿಂದ ವಿಠಲ ಗುಡಿಗೆ ಹೋಗುವ ಬ್ಯಾಟರಿ ಗಾಡಿ ಹತ್ತಿರುತ್ತೀರಿ. ಅದನ್ನು ಓಡಿಸುವವರಲ್ಲಿ ಸುತ್ತಲಿನ ಊರಿನ ಹೆಣ್ಣುಮಕ್ಕಳಿದ್ದಾರೆ. ಆ ಕೆಲಸದ ಬಗ್ಗೆ ಊರಲ್ಲಿ ಒಳ್ಳೆಯ ಮಾತೇ ಇದೆ. ಬಿಸಿಲಿಗೆ ನಡೆದು ಬಸವಳಿಯುವ ಮುದುಕರಿಗೂ ಅನುಕೂಲ, ಮನೆಗೂ ಸಂಬಳ.

ಹೊಸಪೇಟೆಯಲ್ಲಿ ಉಳಿದುಕೊಂಡು, ಕಾರಿನಲ್ಲಿ ಬಂದು, ನಾಲ್ಕು ಗಂಟೆ ನೋಡಿ, ತಂದ ಚಿಪ್ಸು ತಿಂದು ಹೋಗುವವರೇ ಈಗ ಹೆಚ್ಚು. ಅಂಥವರು ಎಷ್ಟು ಸಾವಿರ ಬಂದರೂ ಊರಿನ ಅಂಗಡಿಗೆ ಲೆಕ್ಕವಿಲ್ಲ.

ಆಟೋದವರು, ಹರಿಗೋಲಿನವರು ಬಾಯಿಗೆ ಬಂದ ರೇಟ್ ಹೇಳ್ತಾರೆ. ಇದು ಸುಲಿಗೆ ಅಲ್ವಾ?

ಕೆಲವರು ಹಾಗೆ ಮಾಡುತ್ತಾರೆ. ಅದನ್ನು ನಾನು ಸಮರ್ಥಿಸುವುದಿಲ್ಲ, ಊರಿನ ಹಿರಿಯ ಚಾಲಕರೂ ಸಮರ್ಥಿಸುವುದಿಲ್ಲ. ಒಬ್ಬ ಮಾಡಿದ್ದಕ್ಕೆ ಎಲ್ಲರ ಹೆಸರು ಕೆಡುತ್ತದೆ ಎಂದು ಅವರವರೇ ಜಗಳಾಡುತ್ತಾರೆ.

ಆದರೆ ವರ್ಷದ ಲೆಕ್ಕ ಕೇಳಿ. ಹಂಪಿಯ ಸೀಸನ್ ಅಕ್ಟೋಬರ್‌ನಿಂದ ಫೆಬ್ರವರಿ. ಏಪ್ರಿಲ್-ಮೇ ತಿಂಗಳಲ್ಲಿ ಬಂಡೆ ಕಾದು 40 ಡಿಗ್ರಿ ದಾಟುತ್ತದೆ, ಮಧ್ಯಾಹ್ನ ನಾಯಿಯೂ ಹೊರಗೆ ಬರುವುದಿಲ್ಲ. ಮಳೆಗಾಲದಲ್ಲಿ ತುಂಗಭದ್ರಾ ಅಣೆಕಟ್ಟಿನಿಂದ ನೀರು ಬಿಟ್ಟರೆಂದರೆ ಪುರಂದರ ಮಂಟಪ ಮುಳುಗುತ್ತದೆ, ಹರಿಗೋಲು ದಂಡೆಯ ಮೇಲೆ ಕವುಚಿ ಮಲಗುತ್ತದೆ. ಹರಿಗೋಲಿನವನಿಗೆ ಆ ವಾರಗಳಲ್ಲಿ ಒಂದು ರೂಪಾಯಿ ಇಲ್ಲ. ಬಿದಿರು ಹೆಣೆದು, ಮೇಲೆ ಹಾಳೆ ಹೊದಿಸಿ, ಡಾಂಬರು ಬಳಿದ ಬುಟ್ಟಿ ಅದು. ಬಿಸಿಲಿಗೆ ಬಿರುಕು ಬಿಟ್ಟರೆ ಮತ್ತೆ ಬಳಿಯಬೇಕು. ಐದು ತಿಂಗಳ ದುಡಿಮೆಯಲ್ಲಿ ಹನ್ನೆರಡು ತಿಂಗಳ ಸಂಸಾರ.

ಹತ್ತುವ ಮೊದಲೇ ದರ ಮಾತಾಡಿಕೊಳ್ಳಿ. ಇಬ್ಬರ ಮನಸ್ಸೂ ಹಗುರಾಗಿರುತ್ತದೆ.

ಗೈಡ್ ಬೇಕೇಬೇಕಾ? ಫೋನಿನಲ್ಲೇ ಎಲ್ಲಾ ಸಿಗುತ್ತಲ್ಲ.

ಇತಿಹಾಸ ಫೋನಿನಲ್ಲಿ ಸಿಗುತ್ತದೆ. ಈ ಗುಡ್ಡದ ಯಾವ ಬಂಡೆ ಮಳೆಯಲ್ಲಿ ಜಾರುತ್ತದೆ, ಯಾವ ಹಾದಿಯಲ್ಲಿ ಸಂಜೆ ಕರಡಿ ಓಡಾಡುತ್ತದೆ ಎಂಬುದು ಊರಿನವನಿಗೆ ಗೊತ್ತು. ದರೋಜಿ ಕರಡಿಧಾಮ ದೂರವೇನಿಲ್ಲ. ತರಬೇತಿ ಪಡೆದು ಗುರುತಿನ ಚೀಟಿ ಹಾಕಿಕೊಂಡ ಗೈಡನ್ನು ಕರೆದುಕೊಳ್ಳಿ.

## ನೋವಿನ ಪ್ರಶ್ನೆಗಳು

ಬಜಾರಿನ ಅಂಗಡಿ-ಮನೆಗಳು ಒತ್ತುವರಿ ತಾನೇ? ತೆಗೆದಿದ್ದು ಸರಿಯಲ್ವಾ?

ಇದನ್ನು ಕೇಳಿದಾಗಲೆಲ್ಲ ಉತ್ತರ ಉದ್ದವಾಗುತ್ತದೆ, ಕ್ಷಮಿಸಿ.

ವಿರೂಪಾಕ್ಷ ಗುಡಿಯ ಮುಂದಿನ ರಥಬೀದಿಯ ಎರಡೂ ಬದಿ ಸಾಲು ಮಂಟಪಗಳಿವೆ. ಊರಿನ ಬಡವರು ಆ ಕಂಬಗಳ ನಡುವೆ ಇಟ್ಟಿಗೆ, ತಗಡು, ಚಾಪೆ ಕಟ್ಟಿಕೊಂಡು ಬಾಳುತ್ತಿದ್ದರು. ಕೆಲವು ಮನೆಗಳಲ್ಲಿ ಮೂರು ತಲೆಮಾರು ಕಳೆದಿತ್ತು. ಪ್ರವಾಸಿಗರು ಹೆಚ್ಚಾದಂತೆ ಮನೆ ಮುಂದೆ ಅಂಗಡಿ ಬಂತು, ಅಂಗಡಿ ಮೇಲೆ ಕೋಣೆ ಬಂತು. ಕಲ್ಲಿಗೆ ಮೊಳೆ ಹೊಡೆದವರೂ, ಕಂಬಕ್ಕೆ ಸುಣ್ಣ ಬಳಿದವರೂ ಇದ್ದರು. ಸ್ಮಾರಕಕ್ಕೆ ಪೆಟ್ಟಾಗುತ್ತಿತ್ತು ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ.

2011ರ ಜುಲೈ 29ರಂದು ಜೆಸಿಬಿ ಬಂದವು. 300ಕ್ಕೂ ಹೆಚ್ಚು ಕುಟುಂಬಗಳು ಎದ್ದು ಹೋಗಬೇಕಾಯಿತು. ಅತ್ತೆ ಬಂಡಿ ಗಾಲಿಯಷ್ಟು ದೊಡ್ಡ ಬಾಣಲೆ ಹೊರಗೆ ಎಳೆದಿಟ್ಟರು. ಹಿಂದಿನ ರಾತ್ರಿ ನೆನೆಸಿದ ಅಕ್ಕಿ ಅದರ ಪಕ್ಕದ ಪಾತ್ರೆಯಲ್ಲಿತ್ತು. ಮರುದಿನದ ದೋಸೆ ಹಿಟ್ಟಿಗೆಂದು ನೆನೆಸಿದ್ದು. ನೀರು ಬಸಿದು ಅಕ್ಕಿಯನ್ನು ಸೀರೆಯಲ್ಲಿ ಗಂಟು ಕಟ್ಟಿದರು. ಮಾವ ಬಾಗಿಲ ಚೌಕಟ್ಟನ್ನು ಬಿಚ್ಚುತ್ತಿದ್ದರು. ನಾಳೆ ಎಲ್ಲಿ ಹಾಕುತ್ತೀರಿ ಎಂದು ಯಾರೋ ಕೇಳಿದರು. ಮಾವ ತಲೆ ಎತ್ತಲಿಲ್ಲ.

ಆಮೇಲೆ ಕಡ್ಡಿರಾಂಪುರದಲ್ಲಿ ನಿವೇಶನ ಎಂದರು. ನಿವೇಶನ ಕೈಗೆ ಬರುವುದು, ಅಲ್ಲಿ ನೀರು, ದಾರಿ, ದೀಪ ಬರುವುದು ಎಲ್ಲ ವರ್ಷಗಳ ಮಾತಾಯಿತು. ಗುಡಿಯಿಂದ ನಾಲ್ಕು ಕಿಲೋಮೀಟರ್ ದೂರದಲ್ಲಿ ಮಿರ್ಚಿ ಕರಿದರೆ ತಿನ್ನುವವರು ಯಾರು?

ಸರಿಯೋ ತಪ್ಪೋ ಎಂದು ಕೇಳುತ್ತೀರಿ. ಮಂಟಪ ತೆರವಾಗಬೇಕಿತ್ತು ಎಂದು ಊರಿನಲ್ಲೂ ಹೇಳುವವರಿದ್ದಾರೆ. ಮೊದಲು ಮನೆ ಕೊಟ್ಟು, ಗುಡಿಯ ಹತ್ತಿರವೇ ವ್ಯಾಪಾರಕ್ಕೆ ಜಾಗ ಗುರುತಿಸಿ, ಆಮೇಲೆ ಏಳಿ ಅಂದಿದ್ದರೆ ಬಹಳ ಜನ ತಾವೇ ಎದ್ದು ಹೋಗುತ್ತಿದ್ದರು. ಇದು ನನ್ನ ನಂಬಿಕೆ.

2024ರ ಮೇ ತಿಂಗಳ ಮಳೆಗೆ ಅದೇ ಸಾಲು ಮಂಟಪದ ಒಂದು ಭಾಗ ಕುಸಿಯಿತು. ಅತ್ತೆ ಸುದ್ದಿ ಕೇಳಿ ಅತ್ತರು. "ನಾವಿದ್ದಾಗ ಮ್ಯಾಲೆ ನೀರು ನಿಲ್ಲದಂಗ ದಿನಾ ನೋಡ್ಕೊಂತಿದ್ವಿ" ಎಂದರು. ಅವರು ಇದ್ದಿದ್ದರೆ ಬೀಳುತ್ತಿರಲಿಲ್ಲ ಎಂದು ನಾನು ಹೇಳಲಾರೆ. ತಮ್ಮನ್ನು ಹೊರಗೆ ಹಾಕಿದ ಕಲ್ಲಿಗಾಗಿ ಆಕೆ ಅತ್ತರು, ಅದನ್ನಷ್ಟೇ ಹೇಳುತ್ತೇನೆ.

ಹೊಳೆಯಾಚೆ ಹಿಪ್ಪಿ ಐಲ್ಯಾಂಡ್ ಈಗಲೂ ಇದೆಯಾ? ಊರಿನವರಿಗೆ ಅದು ಬೇಕಿತ್ತಾ?

ಆ ಜಾಗದ ಹೆಸರು ವಿರೂಪಾಪುರ ಗಡ್ಡೆ. 'ಹಿಪ್ಪಿ ಐಲ್ಯಾಂಡ್' ಎಂಬುದು ಬಂದು ಹೋದವರು ಇಟ್ಟ ಹೆಸರು. ಅಲ್ಲಿನ ಅಕ್ರಮ ಕಟ್ಟಡಗಳನ್ನು ತೆರವು ಮಾಡಬೇಕೆಂಬ ಹೈಕೋರ್ಟಿನ ಆದೇಶವನ್ನು 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು, ಮಾರ್ಚಿನಲ್ಲಿ ಅಲ್ಲಿನ ರೆಸಾರ್ಟುಗಳನ್ನು ಕೆಡವಿದರು. ಅದಾದ ಕೆಲವೇ ದಿನಕ್ಕೆ ಕೊರೊನಾ ಬಂತು. ಒಂದರ ಮೇಲೊಂದು ಪೆಟ್ಟು.

ಬೇಕಿತ್ತೋ ಬೇಡವಿತ್ತೋ ಎಂಬುದಕ್ಕೆ ಒಂದೇ ಉತ್ತರವಿಲ್ಲ. ಭತ್ತದ ಗದ್ದೆಯ ಅಂಚಿನಲ್ಲಿ ಹುಲ್ಲಿನ ಗುಡಿಸಲು ಹಾಕಿ, ಇಸ್ರೇಲಿನ ಪ್ರವಾಸಿಗರಿಗೆಂದು ಹೀಬ್ರೂ ಅಕ್ಷರದ ಬೋರ್ಡು ಬರೆಸಿ, ನಾಲ್ಕು ಭಾಷೆ ಕಲಿತು ಮಕ್ಕಳನ್ನು ಇಂಜಿನಿಯರಿಂಗ್ ಓದಿಸಿದವರನ್ನು ನಾನು ಬಲ್ಲೆ. ರಾತ್ರಿಯ ಗದ್ದಲ, ಗಾಂಜಾ, ಹೊಳೆ ದಂಡೆಯಲ್ಲಿ ಅರೆಬಟ್ಟೆ ಇವನ್ನು ಕಂಡು ನೊಂದವರನ್ನೂ ಬಲ್ಲೆ. ಎಷ್ಟೋ ಸಲ ಇಬ್ಬರೂ ಒಂದೇ ಮನೆಯವರು. ಮಗ ಗೆಸ್ಟ್‌ಹೌಸ್ ನಡೆಸುತ್ತಿದ್ದ, ತಾಯಿ ಆ ಕಡೆ ಮುಖ ಹಾಕುತ್ತಿರಲಿಲ್ಲ.

ಕೆಡವಿದ ಮೇಲೆ ವ್ಯವಹಾರ ನಿಲ್ಲಲಿಲ್ಲ. ಸಾಣಾಪುರ, ಹನುಮನಹಳ್ಳಿ, ಆನೆಗೊಂದಿ ಕಡೆಗೆ ಸರಿಯಿತು.

ಸಾಣಾಪುರದಲ್ಲಿ ನಡೆದ ಆ ಘಟನೆ ನಂತರ ಊರಿನವರು ಏನಂತಾರೆ?

2025ರ ಮಾರ್ಚಿನಲ್ಲಿ ಸಾಣಾಪುರದ ಕಾಲುವೆ ಬಳಿ ರಾತ್ರಿ ನಕ್ಷತ್ರ ನೋಡುತ್ತಾ ಕುಳಿತವರ ಮೇಲೆ ದಾಳಿಯಾಯಿತು. ಇಬ್ಬರು ಹೆಣ್ಣುಮಕ್ಕಳ ಮೇಲೆ ಅತ್ಯಾಚಾರವಾಯಿತು. ಅವರಲ್ಲಿ ಒಬ್ಬರು ವಿದೇಶಿ ಪ್ರವಾಸಿ, ಇನ್ನೊಬ್ಬರು ಅವರಿಗೆ ಆಶ್ರಯ ಕೊಟ್ಟ ಹೋಂಸ್ಟೇಯವರು. ಕಾಲುವೆಗೆ ತಳ್ಳಲ್ಪಟ್ಟ ಯುವಕನೊಬ್ಬ ಸತ್ತ.

ಊರಿನವರು ತಲೆ ತಗ್ಗಿಸಿದರು. ಮನೆಗೆ ಬಂದವರನ್ನು ಕಾಪಾಡಲಾಗಲಿಲ್ಲ ಎಂಬ ಮಾತನ್ನು ನಾನು ಹನುಮನಹಳ್ಳಿಯ ಚಹಾ ಅಂಗಡಿಯಲ್ಲೂ ಕೇಳಿದೆ, ಹೊಸಪೇಟೆ ಬಸ್ ನಿಲ್ದಾಣದಲ್ಲೂ ಕೇಳಿದೆ. ಆಮೇಲೆ ಬುಕಿಂಗುಗಳು ರದ್ದಾದವು, ಹೋಂಸ್ಟೇಗಳ ಮೇಲೆ ನಿಗಾ ಬಿಗಿಯಾಯಿತು. ಬಿಗಿ ಬೇಕಿತ್ತು ಎಂದೇ ಹೆಚ್ಚಿನವರು ಹೇಳುತ್ತಾರೆ. ಅದರ ಜೊತೆ ಅವರು ಕೇಳುವುದು ದಾರಿ ದೀಪ, ರಾತ್ರಿ ಗಸ್ತು, ಹತ್ತಿರದಲ್ಲಿ ಪೊಲೀಸ್ ಚೌಕಿ. ಈ ಬೇಡಿಕೆ ತಮ್ಮ ಮನೆಯ ಹೆಣ್ಣುಮಕ್ಕಳಿಗಾಗಿಯೂ ಹೌದು.

ಬಂಡೆ ಮೇಲಿಂದ ನೀರಿಗೆ ಹಾರಬೇಡಿ ಅಂತ ಊರಿನವರು ಯಾಕೆ ಹಿಂದೆ ಬೀಳ್ತಾರೆ?

ಹೆಣ ಹುಡುಕುವವರು ಅವರೇ ಆದ್ದರಿಂದ. 2025ರ ಫೆಬ್ರವರಿಯಲ್ಲೂ ಒಬ್ಬ ಪ್ರವಾಸಿ ಹೀಗೆ ಹಾರಿ ಪ್ರಾಣ ಕಳೆದುಕೊಂಡರು. ತುಂಗಭದ್ರೆ ಮೇಲೆ ಶಾಂತವಾಗಿ ಕಂಡರೂ ಬಂಡೆಗಳ ಅಡಿಯಲ್ಲಿ ಸೆಳೆತ ಇದೆ. ಬೇಡ ಎಂದರೆ ಬೇಡ.

## ಆಳಕ್ಕಿಳಿದವರು ಕೇಳುವುದು

ಯುನೆಸ್ಕೋ ಪಟ್ಟಿಯಲ್ಲಿರೋದು ಹೆಮ್ಮೆ ಅಲ್ವಾ? ಅದರಿಂದ ಊರಿಗೆ ಒಳ್ಳೇದೇ ಆಗಿರಬೇಕಲ್ಲ?

ಹೆಮ್ಮೆ ಇದೆ. 1986ರಲ್ಲಿ ಪಟ್ಟಿಗೆ ಸೇರಿದ್ದು ಊರಿನ ಹುಡುಗರ ಬಾಯಲ್ಲೂ ಇದೆ. 50 ರೂಪಾಯಿ ನೋಟಿನ ಮೇಲೆ ಕಲ್ಲಿನ ರಥ ಬಂದಾಗ ಆಟೋದವರು ಅದನ್ನು ಗಾಜಿಗೆ ಅಂಟಿಸಿಕೊಂಡಿದ್ದರು.

ಕಷ್ಟವೂ ಇದೆ. ಆನೆಗೊಂದಿಯವರು ಹೊಳೆ ದಾಟಲು ಸೇತುವೆ ಕೇಳಿ ಕೇಳಿ ಒಂದು ಕಟ್ಟಲು ಶುರುವಾಯಿತು. ಅದು ಪರಂಪರೆಯ ನೋಟ ಕೆಡಿಸುತ್ತದೆ ಎಂದು 1999ರಲ್ಲಿ ಹಂಪಿಯನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿಸಿದರು. 2006ರಲ್ಲಿ ಅದರಿಂದ ಹೊರಬಂತು. ಸೇತುವೆ ಮಾತ್ರ ಪೂರ್ತಿಯಾಗದೆ 2009ರ ಜನವರಿಯಲ್ಲಿ ಕುಸಿದು ಕೆಲಸಗಾರರು ಸತ್ತರು. ಬಸುರಿಯನ್ನು ಹರಿಗೋಲಿನಲ್ಲಿ ದಾಟಿಸಿದ ನೆನಪಿರುವವರಿಗೆ 'ನೋಟ ಕೆಡುತ್ತದೆ' ಎಂಬ ಮಾತು ಹೇಗೆ ಕೇಳಿಸಿರಬೇಕು, ಯೋಚಿಸಿ. ಸ್ಮಾರಕಗಳಿಂದ ದೂರಕ್ಕೆ, ಬುಕ್ಕಸಾಗರದ ಕಡೆಯಿಂದ ಬೇರೆ ಸೇತುವೆ ಆದ ಮೇಲೆ ಸ್ವಲ್ಪ ಉಸಿರಾಡುವಂತಾಯಿತು. ಜಾಗ ಬದಲಿಸಿದರೆ ಎರಡೂ ಸಾಧ್ಯವಿತ್ತು ಎಂಬುದು ಆಗ ಎಲ್ಲರಿಗೂ ಕಂಡಿತು.

ಮನೆ ದುರಸ್ತಿಯದೂ ಇದೇ ಕಥೆ. ನಮ್ಮ ಮಾವ ಸೋರುವ ಸೂರಿಗೆ ಹೊಸ ತಗಡು ಹಾಕಲು ಒಂದು ಕಚೇರಿಗೆ ಎಂಟು ತಿಂಗಳು ಅಲೆದರು. ಒಮ್ಮೆ ನಕ್ಷೆ ಸರಿಯಿಲ್ಲ ಎಂದರು, ಒಮ್ಮೆ ಸಾಹೇಬರಿಲ್ಲ ಎಂದರು. ಮಳೆಗಾಲ ಮುಗಿದ ಮೇಲೆ ಅನುಮತಿ ಬಂತು.

ಕಂಬ ಬೀಳಿಸಿದ ಹುಡುಗರ ವಿಡಿಯೋ ನೋಡಿದ್ವಿ. ಊರಿನವರಿಗೆ ಏನನ್ನಿಸಿತು?

ಹಂಪಿಯ ಮೂಲೆಯ ಒಂದು ಹಾಳು ಗುಡಿಯ ಕಂಬವನ್ನು ಹುಡುಗರು ತಳ್ಳಿ ಬೀಳಿಸಿದ ವಿಡಿಯೋ ಅದು. 2019ರಲ್ಲಿ ಅದು ಹರಿದಾಡಿದಾಗ ಊರಲ್ಲಿ ಸಿಟ್ಟು ಕುದಿಯಿತು. ನ್ಯಾಯಾಲಯ ಆ ಹುಡುಗರಿಗೆ ತಲಾ 70,000 ರೂಪಾಯಿ ದಂಡ ಹಾಕಿ, ಅವರ ಕೈಯಿಂದಲೇ ಕಂಬ ಎತ್ತಿ ನಿಲ್ಲಿಸಿತು. ಆ ತೀರ್ಪನ್ನು ಊರಿನವರು ಇವತ್ತಿಗೂ ಮೆಚ್ಚಿ ಹೇಳುತ್ತಾರೆ. ಆದರೆ ಅವರು ಇನ್ನೊಂದು ಮಾತೂ ಸೇರಿಸುತ್ತಾರೆ. ಕುರಿ ಮೇಯಿಸುವವರು, ದಾರಿಹೋಕರು ಓಡಾಡುತ್ತಿದ್ದ ಕಾಲದಲ್ಲಿ ಅಂಥ ಮೂಲೆ ಗುಡಿಗಳಿಗೆ ಕಣ್ಣಿತ್ತು. ಈಗ ಊರಿನವನು ಹತ್ತಿರ ಹೋದರೂ ಏನು ಕೆಲಸ ಎಂದು ಕೇಳುತ್ತಾರೆ.

ಹೊಳೆಯಾಚೆ ಆನೆಗೊಂದಿಯಲ್ಲೂ ಇದೇ ಭಾವನೆ ಇದೆಯಾ?

ಅಲ್ಲಿನ ಹದ ಬೇರೆ. ಆನೆಗೊಂದಿ ವಿಜಯನಗರಕ್ಕಿಂತ ಹಳೆಯದು ಎಂಬ ಅಭಿಮಾನ ಅಲ್ಲಿ ಗಟ್ಟಿ. ಕಿಷ್ಕಿಂದ ಟ್ರಸ್ಟ್ ಎಂಬ ಸ್ವಯಂಸೇವಾ ಸಂಸ್ಥೆ 1997ರಿಂದ ಅಲ್ಲಿ ಕೆಲಸ ಮಾಡುತ್ತಿದೆ. ಅದರ ಮೂಲಕ ಊರಿನ ಹೆಂಗಸರು ಬಾಳೆ ನಾರಿನಿಂದ ಚೀಲ, ಬುಟ್ಟಿ ಹೆಣೆಯುತ್ತಾರೆ. ಗೊನೆ ಕಡಿದ ಮೇಲೆ ಎಸೆಯುತ್ತಿದ್ದ ದಿಂಡಿನಿಂದ ಬರುವ ನಾರು ಅದು. ಪ್ರವಾಸಿ ಬರಲಿ ಬಿಡಲಿ, ಅದನ್ನು ಬೇರೆ ಊರಿಗೂ ಕಳಿಸಬಹುದು. ಸೀಸನ್ನಿಗೆ ಕಾಯಬೇಕಿಲ್ಲದ ದುಡ್ಡು ಎಂಬ ಕಾರಣಕ್ಕೆ ನನಗೆ ಅದು ಬಹಳ ಇಷ್ಟ.

ಅಂಜನಾದ್ರಿಯದು ಮತ್ತೊಂದು ಕಥೆ. ಆಂಜನೇಯ ಹುಟ್ಟಿದ ಬೆಟ್ಟವೆಂದು 575 ಮೆಟ್ಟಿಲು ಹತ್ತಲು ಬರುವ ಭಕ್ತರು ಕೆಲವೇ ವರ್ಷಗಳಲ್ಲಿ ಹಲವು ಪಟ್ಟು ಹೆಚ್ಚಿದ್ದಾರೆ. ಡಿಸೆಂಬರಿನಲ್ಲಿ ಹನುಮಮಾಲೆ ಬಿಚ್ಚುವ ದಿನಗಳಲ್ಲಿ ಭತ್ತದ ಗದ್ದೆಗೆ ಟ್ರ್ಯಾಕ್ಟರ್ ಒಯ್ಯಲು ರಸ್ತೆ ಸಿಗುವುದಿಲ್ಲ. ಭಕ್ತಿಗೆ ಯಾರೂ ಅಡ್ಡ ಮಾತಾಡುವುದಿಲ್ಲ, ಆದರೆ ಕೊಯ್ಲಿನ ಯಂತ್ರ ರಸ್ತೆಯಲ್ಲಿ ಸಿಕ್ಕಿಹಾಕಿಕೊಂಡ ರೈತನ ಮುಖ ನೀವು ನೋಡಬೇಕು.

ಊರಿನವರೆಲ್ಲ ಒಂದೇ ಮಾತು ಆಡ್ತಾರಾ?

ಎಲ್ಲಿಯ ಊರು ಒಂದೇ ಮಾತಾಡುತ್ತದೆ? ಕೋಣೆ ಬಾಡಿಗೆ ಕೊಡುವವನಿಗೆ ಬೇಕಾದ್ದು ರಾತ್ರಿ ಉಳಿಯುವ ಪ್ರವಾಸಿ. ಬಾಳೆ ಬೆಳೆಯುವವನಿಗೆ ಅವನಿಂದ ಏನೂ ಇಲ್ಲ, ಕೂಲಿಯಾಳು ಸಿಗದ ತೊಂದರೆ ಮಾತ್ರ ಇದೆ. ಅರ್ಚಕರಿಗೆ ಗುಡಿಯೊಳಗಿನ ಉಡುಪಿನ ಚಿಂತೆ. ಪೋಸ್ಟ್‌ಕಾರ್ಡ್ ಮಾರಿ ದುಡ್ಡಿನ ರುಚಿ ಕಂಡ ಹುಡುಗ ಶಾಲೆ ಬಿಡುತ್ತಾನೆ ಎಂದು ಮೇಷ್ಟ್ರಿಗೆ ಸಂಕಟ. ಮಕ್ಕಳಿಂದ ಏನನ್ನೂ ಕೊಳ್ಳಬೇಡಿ ಎಂದು ಅವರು ಕೈಮುಗಿದು ಹೇಳುತ್ತಾರೆ, ನಾನೂ ಹೇಳುತ್ತೇನೆ.

ಹಾಗಾದ್ರೆ ಊರಿನವರಿಗೆ ನಿಜವಾಗಿ ಏನು ಬೇಕು?

ಕಳೆದ ದೀಪಾವಳಿಗೆ ಇದೇ ಪ್ರಶ್ನೆಯನ್ನು ನಾನು ಕಡ್ಡಿರಾಂಪುರದಲ್ಲಿ ಕೇಳಿದೆ. ಕಟ್ಟೆ ಮೇಲೆ ಏಳೆಂಟು ಜನ ಇದ್ದರು. ಗುಡಿಯ ಹತ್ತಿರ ನೆರಳಿರುವ ಸಂತೆ ಜಾಗ ಬೇಕು, ಬಾಡಿಗೆ ನಮಗೆ ನಿಲುಕುವಂತಿರಲಿ ಎಂದರು ಒಬ್ಬರು. ಜಾತ್ರೆ ಮಂದಿಗೆ ಶೌಚಾಲಯ ಬೇಕು ಎಂದರು ಇನ್ನೊಬ್ಬರು. ರಾತ್ರಿ ಹೊತ್ತಿಗೆ ಹತ್ತಿರದಲ್ಲಿ ಡಾಕ್ಟರ್ ಇರಲಿ, ಟಿಕೆಟ್ ದುಡ್ಡಿನಲ್ಲಿ ಒಂದಿಷ್ಟು ಪಂಚಾಯಿತಿಗೆ ಬರಲಿ, ಪ್ರಾಧಿಕಾರದ ಸಭೆಯಲ್ಲಿ ನಮ್ಮ ಮಾತು ಕೇಳುವಂತಾಗಲಿ ಎಂದು ಮಾತು ಬೆಳೆಯಿತು. ಪ್ರವಾಸಿಗರು ಕಡಿಮೆಯಾಗಲಿ ಎಂದು ಯಾರೂ ಹೇಳಲಿಲ್ಲ.

ಅತ್ತೆ ಸುಮ್ಮನೆ ಕೇಳುತ್ತಾ ಕೂತಿದ್ದರು. ಅವರ ಬಾಣಲೆ ಈಗ ಆ ಮನೆಯ ಅಟ್ಟದ ಮೇಲಿದೆ. ನೀವೇನು ಕೇಳುತ್ತೀರಿ ಅತ್ತೆ ಎಂದೆ. "ಮುಂಜಾನೆ ಗುಡಿ ಗಂಟೆ ಕೇಳ್ಸೂವಷ್ಟು ಹತ್ರ ಒಂದು ಒಲಿ ಹಚ್ಚಾಕ ಜಾಗ ಕೊಟ್ರ ಸಾಕು" ಎಂದರು.